ವೈಫೈ ಹೆಸರು ಸಿಗದೇ ಹೋದಾಗ ನಾನು ಮಾಡಿಕೊಂಡ ವ್ಯವಸ್ಥೆ

ನನ್ನ ಮ್ಯಾಕ್‌ನಲ್ಲಿ ಒಂದು ಸಣ್ಣ ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಫೈಲ್) ಇದೆ. ಆಫೀಸಿನ ವೈಫೈ ಸಿಕ್ಕ ಕೂಡಲೇ ಪ್ರಾಕ್ಸಿ (ಇಂಟರ್ನೆಟ್‌ಗೆ ಹೋಗುವ ದಾರಿಯಲ್ಲಿ ನಡುವೆ ನಿಲ್ಲುವ ಸರ್ವರ್) ಹಾಕುತ್ತದೆ, ಬೇರೆ ಕಡೆ ಹೋದರೆ ತೆಗೆಯುತ್ತದೆ. ಮನೆಯ ವೈಫೈ ಆದರೆ ಬ್ಯಾಕಪ್ ಶುರು ಮಾಡುತ್ತದೆ. ಈಗ ಯಾವ ವೈಫೈನಲ್ಲಿದ್ದೇನೆ ಅಂತ ಗೊತ್ತಾದರೆ ಸಾಕು, ಉಳಿದಿದ್ದೆಲ್ಲಾ ಸಲೀಸು. ಆದರೆ ಅದೊಂದನ್ನು ಹೇಳುವ ಕಮಾಂಡ್‌ಗಳೇ ಒಂದೊಂದಾಗಿ ಬಾಯಿ ಮುಚ್ಚಿಕೊಂಡವು.

ಮೊದಲು ಹೋಗಿದ್ದು ಹಳೇ 'ಏರ್‌ಪೋರ್ಟ್' ಕಮಾಂಡ್ (ಏರ್‌ಪೋರ್ಟ್ ಅಂದರೆ ಆಪಲ್ ವೈಫೈಗೆ ಇಟ್ಟಿದ್ದ ಹಳೇ ಹೆಸರು). 2024ರಲ್ಲಿ ಮ್ಯಾಕ್‌ಓಎಸ್‌ನ ಸೊನೊಮಾ 14.4 ಆವೃತ್ತಿ ಬಂದಾಗ ಅದು ಕೆಲಸ ನಿಲ್ಲಿಸಿತು. ಅದರ ಬದಲು ಬಳಸಿ ಎಂದು ತೋರಿಸಿದ 'ಡಬ್ಲ್ಯುಡಿಯುಟಿಲ್'ಗೆ ಸೂಡೊ, ಅಂದರೆ ಅಡ್ಮಿನ್ ಅಧಿಕಾರ ಬೇಕು. ಸೂಡೊ ಕೊಟ್ಟರೂ ಹೆಸರಿನ ಜಾಗದಲ್ಲಿ 'ರಿಡ್ಯಾಕ್ಟೆಡ್' (ಮರೆಮಾಡಲಾಗಿದೆ) ಅಂತ ಬರುತ್ತದೆ. ಆಮೇಲೆ ಮುಂದಿನ ಆವೃತ್ತಿ ಸಿಕೋಯಾದಲ್ಲಿ (ಅಂದರೆ 15ರಲ್ಲಿ) 'ನೆಟ್‌ವರ್ಕ್‌ಸೆಟಪ್' ಕೈಕೊಟ್ಟಿತು. 'ಐಪಿಕಾನ್ಫಿಗ್ ಗೆಟ್‌ಸಮರಿ' ಸ್ವಲ್ಪ ಕಾಲ ಕೈಹಿಡಿಯಿತು, 15.6ರ ಹೊತ್ತಿಗೆ ಅದರಲ್ಲೂ 'ರಿಡ್ಯಾಕ್ಟೆಡ್'.

ಇವುಗಳಲ್ಲಿ ನನಗೆ ನಿಜವಾಗಿ ಸಿಟ್ಟು ತರಿಸಿದ್ದು ನೆಟ್‌ವರ್ಕ್‌ಸೆಟಪ್ ಒಂದೇ. ಇನ್ನೊಂದು ಕಿಟಕಿಯಲ್ಲಿ ವೈಫೈ ಮೇಲೆಯೇ ಫೈಲ್ ಡೌನ್‌ಲೋಡ್ ಆಗುತ್ತಿದೆ, ಇಲ್ಲಿ ಟರ್ಮಿನಲ್ 'ನೀವು ಯಾವ ಏರ್‌ಪೋರ್ಟ್ ನೆಟ್‌ವರ್ಕ್‌ಗೂ ಸೇರಿಲ್ಲ' ಎನ್ನುತ್ತದೆ! ಹೆಸರು ಹೇಳಲ್ಲ ಅಂದರೆ ಒಪ್ಪಿಕೊಳ್ಳುತ್ತೇನೆ. ಸೇರಿಯೇ ಇಲ್ಲ ಅನ್ನುವುದು ಸುಳ್ಳು. ಆ ಮಾತನ್ನು ನಂಬಿ ಸ್ಕ್ರಿಪ್ಟ್ ಪ್ರಾಕ್ಸಿ ತೆಗೆದುಹಾಕುತ್ತದೆ, ಎಲ್ಲಿ ಕೆಟ್ಟಿತು ಅಂತ ಹುಡುಕುವವರು ವೈಫೈ ಕಾರ್ಡನ್ನೇ ಅನುಮಾನಿಸುತ್ತಾರೆ. ಇದೆಲ್ಲದರ ಹಿಂದಿರುವುದು, ಲೊಕೇಶನ್ ಅನುಮತಿ ಇಲ್ಲದೆ ವೈಫೈ ಹೆಸರು ಕೊಡಬಾರದು ಅನ್ನುವ ನಿರ್ಬಂಧ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲೂ ಇದೇ ಬಂದಿದೆ. ಅಲ್ಲಿ 'ನೆಟ್‌ಎಸ್‌ಎಚ್' ಕಮಾಂಡ್ ಲೊಕೇಶನ್ ಅನುಮತಿ ಬೇಕು ಎಂದು ನೇರವಾಗಿ ಹೇಳಿ, ಯಾವ ಸೆಟ್ಟಿಂಗ್ ತೆರೆಯಬೇಕು ಅನ್ನುವುದನ್ನೂ ತೋರಿಸುತ್ತದೆ. ಹಾಗಿರಬೇಕು.

ವೈಫೈಗೂ ಲೊಕೇಶನ್‌ಗೂ ಏನು ಸಂಬಂಧ ಅನ್ನಿಸಬಹುದು. ಹೆಸರಿನ ಜೊತೆ ಪ್ರತಿ ರೌಟರ್‌ಗೂ ಬಿಎಸ್‌ಎಸ್‌ಐಡಿ ಅನ್ನುವ 48 ಬಿಟ್‌ನ ಗುರುತು ಇರುತ್ತದೆ. ರೌಟರ್ ಸಾಮಾನ್ಯವಾಗಿ ಇಟ್ಟ ಜಾಗದಲ್ಲೇ ಇರುತ್ತದೆ ಅಲ್ವಾ? ಹಾಗಾಗಿ ಯಾವ ಗುರುತು ಭೂಪಟದಲ್ಲಿ ಎಲ್ಲಿದೆ ಅನ್ನುವ ದೊಡ್ಡ ದೊಡ್ಡ ಪಟ್ಟಿಗಳು ತಯಾರಾಗಿವೆ. ಗುರುತು ಗೊತ್ತಾದರೆ ಜಿಪಿಎಸ್ ಇಲ್ಲದೆಯೇ ನೀವು ಯಾವ ಬೀದಿಯಲ್ಲಿದ್ದೀರಿ ಅಂತ ಹೇಳಬಹುದು. ಇದು ಬರೀ ಭಯವಲ್ಲ. 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇನ್‌ಮೊಬಿ ಎಂಬ ಜಾಹೀರಾತು ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಲೊಕೇಶನ್ ಬೇಡ ಎಂದವರ ಜಾಗವನ್ನೂ ವೈಫೈ ಮಾಹಿತಿಯಿಂದಲೇ ಅಂದಾಜು ಮಾಡಿದ್ದಾರೆ ಎಂಬುದು ಅದರ ಆರೋಪ. ಕಂಪನಿ 9,50,000 ಡಾಲರ್ ದಂಡ ಕಟ್ಟಿ ಇತ್ಯರ್ಥ ಮಾಡಿಕೊಂಡಿತು. ಆದ್ದರಿಂದ ಈ ಬಾಗಿಲು ಮುಚ್ಚಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಸುಮ್ನೆ ಓಡುವ ಯಾವುದೋ ಒಂದು ಪ್ಯಾಕೇಜ್ ನಾನಿರುವ ಜಾಗ ತಿಳಿದುಕೊಳ್ಳುವುದು ನನಗೂ ಬೇಕಿಲ್ಲ.

ಈಗ ನಾನು ಮಾಡಿದ್ದು. ಬರೀ ಕಮಾಂಡ್‌ಗೆ ಲೊಕೇಶನ್ ಅನುಮತಿ ಸಿಗುವುದು ಕಷ್ಟ. ಸಿಸ್ಟಮ್ ಅನುಮತಿ ಕೊಡುವುದು ಆಪ್‌ಗೆ, ಅದರ ಬಂಡಲ್ ಐಡಿ (ಆಪ್‌ನ ಗುರುತಿನ ಹೆಸರು) ನೋಡಿಕೊಂಡು. ಅದಕ್ಕೆ ಸ್ವಿಫ್ಟ್ ಭಾಷೆಯಲ್ಲಿ ಒಂದು ಪುಟ್ಟ ಆಪ್ ಬರೆದೆ. ಆಪ್‌ನ ವಿವರಗಳಿರುವ ಇನ್ಫೋ ಪ್ಲಿಸ್ಟ್ ಫೈಲ್‌ನಲ್ಲಿ ಲೊಕೇಶನ್ ಯಾಕೆ ಬೇಕು ಅನ್ನುವ ವಾಕ್ಯ ಸೇರಿಸಿ, ಆಪ್‌ಗೆ ಡಿಜಿಟಲ್ ಸಹಿ ಹಾಕಿದೆ. ಮೊದಲ ಸಲ ಓಡಿಸಿದಾಗ ಆಪಲ್‌ನ ಲೊಕೇಶನ್ ಲೈಬ್ರರಿ ಕೋರ್ ಲೊಕೇಶನ್ ಮೂಲಕ ಅನುಮತಿ ಕೇಳುತ್ತದೆ. ಕೊಟ್ಟ ಮೇಲೆ ವೈಫೈ ಲೈಬ್ರರಿ ಕೋರ್ ಡಬ್ಲ್ಯುಲ್ಯಾನ್ ಹೆಸರನ್ನು ಸರಿಯಾಗಿ ಕೊಡುತ್ತದೆ. ಅನುಮತಿ ಇಲ್ಲದಿದ್ದರೆ ಅದೇ ಕರೆ ಯಾವ ದೋಷವನ್ನೂ ಹೇಳದೆ 'ನಿಲ್' (ಏನೂ ಇಲ್ಲ) ಕೊಡುತ್ತದೆ. ವೈಫೈ ಇಲ್ಲದಿದ್ದರೂ 'ನಿಲ್' ಬರುತ್ತದೆ. ಹಾಗಾಗಿ ಹೆಸರು ಕೇಳುವ ಮೊದಲು ಅನುಮತಿಯ ಸ್ಥಿತಿ ನೋಡುವುದನ್ನು ಬಿಡಬೇಡಿ.

ಆಪ್ ಹಿನ್ನೆಲೆಯಲ್ಲಿ ಇರುತ್ತದೆ. ನೆಟ್‌ವರ್ಕ್ ಬದಲಾದಾಗ ಒಂದು ಫೈಲ್‌ಗೆ ಬರೆಯುತ್ತದೆ, ಸ್ಕ್ರಿಪ್ಟ್ ಅದನ್ನು ಓದುತ್ತದೆ. ಏನು ಬರೆಯಬೇಕು ಅನ್ನುವುದನ್ನು ಮಾತ್ರ ಜಾಸ್ತಿ ಯೋಚಿಸಿದೆ. ವೈಫೈ ಹೆಸರನ್ನೇ ಬರೆದರೆ, ಮ್ಯಾಕ್‌ನಲ್ಲಿ ಓಡುವ ಬೇರೆ ಪ್ರೋಗ್ರಾಮ್‌ಗಳೂ ಆ ಫೈಲ್ ಓದಬಹುದು. ಸಿಸ್ಟಮ್ ಮುಚ್ಚಿದ ಬಾಗಿಲಿಗೆ ನಾನೇ ಕಿಂಡಿ ಕೊರೆದಂತೆ. ಅದಕ್ಕೇ ಆ ಫೈಲ್‌ನಲ್ಲಿ ಬರುವುದು ಮೂರೇ ಪದ: ಆಫೀಸ್, ಮನೆ, ಹೊರಗೆ. ಹೆಸರುಗಳ ಪಟ್ಟಿ ಆಪ್‌ನ ಒಳಗೇ ಇರುತ್ತದೆ. ಬಿಎಸ್‌ಎಸ್‌ಐಡಿಯನ್ನು ಆಪ್ ಕೇಳುವುದೇ ಇಲ್ಲ.

ಪ್ರಾಕ್ಸಿ ವಿಷಯದಲ್ಲಿ ಅಷ್ಟೂ ಸಾಲದು ಅನ್ನಿಸಿತು. ವೈಫೈ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ನಮ್ಮ ಆಫೀಸಿನ ಹೆಸರನ್ನೇ ತಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಇಟ್ಟರೆ ತಡೆಯುವವರಿಲ್ಲ. ಹಾಗಾಗಿ ಪ್ರಾಕ್ಸಿ ಹಾಕುವ ಮೊದಲು ಸ್ಕ್ರಿಪ್ಟ್ ಆಫೀಸಿನ ಒಳಗಿನಿಂದ ಮಾತ್ರ ಸಿಗುವ ಒಂದು ಸರ್ವರ್ ಅನ್ನು ಎಚ್‌ಟಿಟಿಪಿಎಸ್‌ನಲ್ಲಿ ಮಾತಾಡಿಸುತ್ತದೆ. ಅದರ ಸರ್ಟಿಫಿಕೇಟ್ (ಅದು ಅದೇ ಸರ್ವರ್ ಅನ್ನುವ ಗುರುತಿನ ಪತ್ರ) ಸರಿಯಿದ್ದರೆ ಮಾತ್ರ ಮುಂದೆ. ಕೇಬಲ್ ಹಾಕಿದಾಗಲೂ ಇದು ಕೆಲಸ ಮಾಡುತ್ತದೆ, ಲೊಕೇಶನ್ ಅನುಮತಿಯೂ ಬೇಕಿಲ್ಲ.

ಆಂಡ್ರಾಯ್ಡ್‌ನಲ್ಲಿ ಟೆಸ್ಟ್ ಮಾಡುವವರಿಗೆ ಒಂದು ಮಾತು. ಅನುಮತಿ ಇಲ್ಲದಿದ್ದರೆ ಅಲ್ಲಿ ಖಾಲಿ ಬರುವುದಿಲ್ಲ. ಹೆಸರಿನ ಜಾಗದಲ್ಲಿ 'ಅನ್‌ನೋನ್ ಎಸ್‌ಎಸ್‌ಐಡಿ' (ವೈಫೈ ಹೆಸರು ಗೊತ್ತಿಲ್ಲ), ಬಿಎಸ್‌ಎಸ್‌ಐಡಿ ಜಾಗದಲ್ಲಿ 02:00:00:00:00:00 ಬರುತ್ತದೆ. ನೋಡಲು ನಿಜವಾದ ವಿಳಾಸದಂತೆಯೇ ಇರುತ್ತದೆ, ಲಾಗ್‌ನಲ್ಲಿ ಕಂಡರೆ ಬೇರೆ ಎಲ್ಲೂ ಹುಡುಕದೆ ಮೊದಲು ಅನುಮತಿ ನೋಡಿ. ಆಂಡ್ರಾಯ್ಡ್ 10ರಿಂದ ನಿಖರ ಲೊಕೇಶನ್ ಅನುಮತಿಯೇ ಬೇಕು, ಫೋನಿನ ಲೊಕೇಶನ್ ಸ್ವಿಚ್ ಕೂಡ ಆನ್ ಇರಬೇಕು.

ಬಿಲ್ಡ್ ಓಡಿಸುವ, ಅಂದರೆ ಕೋಡ್‌ನಿಂದ ತಾವಾಗಿಯೇ ಸಾಫ್ಟ್‌ವೇರ್ ತಯಾರಿಸುವ ಮ್ಯಾಕ್‌ಗಳಿಗೆ ನನ್ನ ಆಪ್ ಹಾಕಿಲ್ಲ. ಅಲ್ಲಿ ಅನುಮತಿ ಕೊಡುವ 'ಅಲೋ' ಬಟನ್ ಒತ್ತಲು ಎದುರಿಗೆ ಯಾರೂ ಕೂತಿರುವುದಿಲ್ಲ. ಅವುಗಳಲ್ಲಿ ವೈಫೈ ಹೆಸರು ಕೇಳುತ್ತಿದ್ದ ಸಾಲುಗಳನ್ನೆಲ್ಲಾ ಅಳಿಸಿ, ಸರ್ವರ್ ಮಾತಾಡಿಸುವ ಭಾಗವೊಂದನ್ನೇ ಉಳಿಸಿದ್ದೇನೆ.