ಸ್ಟೀಲ್ ಚಮಚ ಕೊಳ್ಳುವ ಮುನ್ನ

ಮನೆಗೆ ಸ್ಟೀಲ್ ಚಮಚ, ಫೋರ್ಕ್‌ಗಳನ್ನು ಕೊಳ್ಳುವವರು ಹೊಳಪನ್ನಷ್ಟೇ ನೋಡದೆ, ಹಿಡಿಯ ಹಿಂಬದಿಯಲ್ಲೋ ಪೊಟ್ಟಣದ ಮೇಲೋ ಇರುವ ಅಂಕಿಯನ್ನು ಮೊದಲು ಓದಬೇಕೆಂಬುದು ನನ್ನ ಕಳಕಳಿಯ ಸಲಹೆ. 18/8 ಎಂದರೆ ಉಕ್ಕಿನಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇದೆ ಎಂದರ್ಥ. ಅಂಗಡಿಯವರು 304 ಎನ್ನುವುದು ಸಾಮಾನ್ಯವಾಗಿ ಇದನ್ನೇ. ಕ್ರೋಮಿಯಂ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳು ಪದರ ಕಟ್ಟಿ ತುಕ್ಕನ್ನು ತಡೆಯುವುದರಿಂದ, ಹುಣಸೆಹುಳಿ, ಉಪ್ಪು, ನಿಂಬೆರಸ ದಿನವೂ ತಾಗುವ ನಮ್ಮ ಅಡುಗೆಮನೆಗೆ ಈ ದರ್ಜೆಯೇ ತಕ್ಕದ್ದು.

ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂಬ ಮಾತನ್ನು ಪೂರ್ತಿ ನಂಬಬಾರದು. ನಿಕಲ್ ತಗ್ಗಿಸಿ ಮ್ಯಾಂಗನೀಸ್ ಹೆಚ್ಚಿಸಿದ, ಅಗ್ಗದ 202 ದರ್ಜೆಗೂ ಅದು ಸಾಮಾನ್ಯವಾಗಿ ಅಂಟುವುದಿಲ್ಲ. ಚಾಕುವಿನ ಅಲಗಿಗೆ ಅಂಟಿದರೆ ಅದು ದೋಷವೂ ಅಲ್ಲ, ಏಕೆಂದರೆ ಹರಿತ ಉಳಿಯಲೆಂದು ಅಲ್ಲಿ ಬೇರೆಯೇ ಗಟ್ಟಿ ಉಕ್ಕನ್ನು ಬಳಸುತ್ತಾರೆ.

ಅಂಕಿಯಷ್ಟೇ ಮುಖ್ಯವಾದುದು ದಪ್ಪ. ನಮ್ಮ ಹಳೆಯ ಸೆಟ್ಟಿನ ಚಮಚವೊಂದು, ಫ್ರಿಜ್ಜಿನಿಂದ ತೆಗೆದ ದೋಸೆಹಿಟ್ಟನ್ನು ತೋಡುವಾಗಲೇ ಕುತ್ತಿಗೆಯ ಬಳಿ ಬಾಗಿಹೋಯಿತು. ಆದ್ದರಿಂದ ಅಂಗಡಿಯಲ್ಲೇ ಹಿಡಿಯೂ ಬಟ್ಟಲೂ ಸೇರುವ ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಫೋರ್ಕಿನ ಹಲ್ಲುಗಳ ಸಂದಿಯಲ್ಲಿ ಬೆರಳಾಡಿಸಿ, ತರಿ ಸಿಕ್ಕರೆ ಬಿಟ್ಟುಬಿಡಿ. ಎಷ್ಟೇ ಒಳ್ಳೆಯ ಚಮಚವಾದರೂ ಉಪ್ಪಿನ ಭರಣಿಯಲ್ಲಿ ಇಟ್ಟೇ ಬಿಟ್ಟರೆ ಅದರಲ್ಲಿ ಸಣ್ಣ ಗುಳಿಗಳು ಬೀಳುತ್ತವೆ. ಅಲ್ಲಿಗೆ ಮರದ ಚಮಚವೇ ಇರಲಿ.