ಕಟ್ಟಿಕೊಂಡ ಸ್ಪ್ರೇ ಡಬ್ಬಿಯಿಂದ ಬಣ್ಣ ಉಳಿಸಿಕೊಳ್ಳುವ ಬಗೆ

ಕುಲುಕಿದರೆ ಒಳಗಿನ ಗುಂಡು ಟಣಟಣ ಎನ್ನುತ್ತದೆ, ಡಬ್ಬಿ ಕೈಗೆ ಭಾರವೂ ಆಗಿದೆ, ಆದರೆ ಒತ್ತಿದರೆ ಏನೂ ಬರುವುದಿಲ್ಲ. ಇಂಥ ಡಬ್ಬಿಯನ್ನು ಎಸೆಯಬೇಡಿ. ಒಳಗಿನ ಬಣ್ಣಕ್ಕೆ ಗಾಳಿ ಸೋಕಿಲ್ಲ, ಹಾಗಾಗಿ ಅದು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಒಣಗಿರುವುದು ಹೆಚ್ಚಾಗಿ ನಾಜಲ್‌ನ, ಅಂದರೆ ಮೇಲಿನ ಒತ್ತುಗುಂಡಿಯ, ದಾರಿಯಲ್ಲಿ ಉಳಿದುಹೋದ ಒಂದು ತೊಟ್ಟು ಮಾತ್ರ.

ಆ ಬಣ್ಣವನ್ನು ಹೊರಗೆ ತಳ್ಳಬಲ್ಲದ್ದು ಡಬ್ಬಿಯಲ್ಲಿರುವ ಅನಿಲ ಒಂದೇ. ಅದು ಖಾಲಿಯಾದರೆ ಒಳಗೆ ಅರ್ಧ ಡಬ್ಬಿ ಬಣ್ಣವಿದ್ದರೂ ಕೈಗೆ ಸಿಗುವುದಿಲ್ಲ. ಆದ್ದರಿಂದ ಅನಿಲ ಖರ್ಚಾಗದ ಉಪಾಯಗಳನ್ನು ಮೊದಲು ಮಾಡಿ, ಖರ್ಚಾಗುವಂಥವನ್ನು ಆಮೇಲೆ. ಅರೆಬರೆ ಕಟ್ಟಿಕೊಂಡ ಡಬ್ಬಿಯನ್ನು ಮತ್ತೆ ಮತ್ತೆ ಒತ್ತಿ ನೋಡುವುದು, ತಲೆಕೆಳಗು ಮಾಡಿ ಬುಸ್ಸೆನ್ನಿಸುವುದು, ಇವೆಲ್ಲ ಇರುವ ಬಂಡವಾಳವನ್ನು ಕರಗಿಸುವ ಕೆಲಸ.

ಈ ಅನಿಲ ಬಹುತೇಕ ಡೈಮೀಥೈಲ್ ಈಥರ್ ಇಲ್ಲವೇ ಪ್ರೊಪೇನ್-ಬ್ಯೂಟೇನ್ ಮಿಶ್ರಣ. ಎರಡೂ ಬೇಗ ಹೊತ್ತಿಕೊಳ್ಳುತ್ತವೆ, ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಡಿ ನಿಲ್ಲುತ್ತವೆ. ಕೆಲಸವನ್ನು ಬಯಲಲ್ಲೇ ಮಾಡಿ. ಹತ್ತಿರದಲ್ಲಿ ಒಲೆ, ಹೀಟರ್, ಸಿಗರೇಟು, ಕಿಡಿ ಹಾರುವ ಯಂತ್ರ ಯಾವುದೂ ಇರಬಾರದು. ಕಣ್ಣಿಗೆ ಮುಚ್ಚು ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸ್, ಮುಖಕ್ಕೆ ದ್ರಾವಕದ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಅಸಿಟೋನ್ ನೈಟ್ರೈಲನ್ನು ಬೇಗ ದಾಟಿ ಬರುತ್ತದೆ, ಗ್ಲೌಸ್ ಒದ್ದೆಯಾದ ಕೂಡಲೇ ಬದಲಿಸಿ.

ಎಲ್ಲಿ ಕಟ್ಟಿದೆ?

ಬಣ್ಣ ಹೊರಬರುವ ದಾರಿಯಲ್ಲಿ ಕಟ್ಟಿಕೊಳ್ಳುವ ಜಾಗಗಳು ನಾಲ್ಕು: ನಾಜಲ್‌ನ ಮುಂದಿನ ಸಣ್ಣ ತೂತು, ನಾಜಲ್ ಕೂರುವ ಕಾಂಡ, ಅದರ ಕೆಳಗಿನ ವಾಲ್ವ್, ತಳದವರೆಗೆ ಇಳಿದ ಕೊಳವೆಯ ಬಾಯಿ. ತಪ್ಪು ಹೆಚ್ಚಾಗಿ ಮೊದಲನೆಯದರಲ್ಲೇ ಇರುತ್ತದೆ.

ಪತ್ತೆಗೆ ಸುಲಭದ ದಾರಿ ನಾಜಲ್ ಬದಲಿಸುವುದು. ಡಬ್ಬಿಯ ಬಾಯಿ ನಿಮ್ಮ ಕಡೆಗಿರದಂತೆ ಹಿಡಿದು, ನಾಜಲನ್ನು ಮೆಲ್ಲಗೆ ತಿರುಗಿಸುತ್ತಾ ನೇರ ಮೇಲಕ್ಕೆ ಎಳೆಯಿರಿ. ಇನ್ನೊಂದು ಡಬ್ಬಿಯ ಚೊಕ್ಕ ನಾಜಲನ್ನು ಕೂರಿಸಿ ಒಮ್ಮೆ ಒತ್ತಿ. ಬಣ್ಣ ಬಂದರೆ ಹಳೆಯ ನಾಜಲ್ಲೇ ತಪ್ಪಿತಸ್ಥ. ಇಲ್ಲಿ ಒಂದನ್ನು ಗಮನಿಸಬೇಕು: ಕೆಲವು ಡಬ್ಬಿಗಳಲ್ಲಿ ಕಾಂಡ ಡಬ್ಬಿಯಿಂದಲೇ ಮೇಲೆದ್ದಿರುತ್ತದೆ, ಕೆಲವದರಲ್ಲಿ ಕಾಂಡ ನಾಜಲ್‌ಗೆ ಅಂಟಿಕೊಂಡಿದ್ದು ಡಬ್ಬಿಯಲ್ಲಿ ತೂತು ಮಾತ್ರ ಕಾಣುತ್ತದೆ. ಒಂದು ಬಗೆಯ ನಾಜಲ್ ಇನ್ನೊಂದಕ್ಕೆ ಕೂರುವುದಿಲ್ಲ. ಬಲವಂತ ಮಾಡಿದರೆ ವಾಲ್ವ್ ಒತ್ತಿಹೋಗಿ ಬಣ್ಣ ಸುತ್ತಲೂ ಚಿಮ್ಮುತ್ತದೆ.

ನಾಜಲ್ ಬಿಡಿಸುವುದು

ನಾಜಲನ್ನು ಬೆಳಕಿಗೆ ಹಿಡಿದು ನೋಡಿ. ಮುಂಭಾಗದಲ್ಲಿ ಪುಟ್ಟ ಬಿಲ್ಲೆಯಂಥ ಭಾಗ, ಅದರ ನಡುವೆ ಕೂದಲೆಳೆಯಷ್ಟು ತೂತು ಕಾಣುತ್ತದೆ. ಎಷ್ಟೋ ನಾಜಲ್‌ಗಳಲ್ಲಿ ಆ ಬಿಲ್ಲೆಯ ಹಿಂದೆ ಬಣ್ಣವನ್ನು ಸುತ್ತಿಸಿ ಒಡೆಯುವ ಸಣ್ಣ ಕಾಲುವೆಗಳಿರುತ್ತವೆ. ಮಂಜಿನಂತೆ ಸಮನಾದ ಸಿಂಪರಣೆ ಬರುವುದು ಈ ತೂತಿನ ಅಳತೆ ಮತ್ತು ದುಂಡಗಿನ ಅಂಚಿನಿಂದ. ಸೂಜಿ ಹಾಕಿ ಚುಚ್ಚಿದರೆ ಬಣ್ಣ ಬರುತ್ತದೆ, ಆದರೆ ಅಂಚು ಹರಿದು ಮಂಜಿನ ಬದಲು ಹನಿಗಳು ಉಗುಳಿದಂತೆ ಬೀಳುತ್ತವೆ. ಹಾಗಾದ ನಾಜಲನ್ನು ಸರಿಮಾಡಲು ಬರುವುದಿಲ್ಲ. ಎಳೆ ಹಾಕಲೇಬೇಕಾದರೆ ನೈಲಾನ್ ಬ್ರಷ್‌ನ ಒಂದು ಕೂದಲು ಸಾಕು, ಅದೂ ಥಿನ್ನರ್‌ನಲ್ಲಿ ನೆನೆದ ಮೇಲೆ.

ನಾಜಲ್ ಮುಳುಗುವಷ್ಟು ಥಿನ್ನರನ್ನು ಮುಚ್ಚಳವಿರುವ ಸಣ್ಣ ಗಾಜಿನ ಶೀಶೆಗೆ ಹಾಕಿ 20 ನಿಮಿಷ ನೆನೆಸಿ. ಹಳೆಯ ಕಟ್ಟಾದರೆ ರಾತ್ರಿಯಿಡೀ ಬಿಡಿ. ಯಾವ ಥಿನ್ನರ್ ಎಂಬುದು ಬಣ್ಣದ ಜಾತಿಯ ಮೇಲೆ ಹೋಗುತ್ತದೆ. ಅಕ್ರಿಲಿಕ್ ಮತ್ತು ಲ್ಯಾಕರ್ ಒಣಗಿದ ಮೇಲೂ ಲ್ಯಾಕರ್ ಥಿನ್ನರ್ ಅಥವಾ ಅಸಿಟೋನ್‌ನಲ್ಲಿ ಕರಗುತ್ತವೆ, ಇವು ಸುಲಭ. ನೀರು ಆಧಾರಿತ ಬಣ್ಣ ಹಸಿಯಾಗಿದ್ದರೆ ಸಾಬೂನು ನೀರು ಸಾಕು, ಒಣಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಅಸಿಟೋನ್ ಬೇಕು. ಎನಾಮೆಲ್ ಮಾತ್ರ ಹಠಮಾರಿ. ಡಬ್ಬಿಯ ಮೇಲೆ ಟರ್ಪೆಂಟೈನ್ ಎಂದು ಬರೆದಿದ್ದರೂ ಅದು ಹಸಿ ಬಣ್ಣಕ್ಕಷ್ಟೇ. ಗಾಳಿಯ ಆಮ್ಲಜನಕದೊಡನೆ ಬೆರೆತು ಗಟ್ಟಿಯಾದ ಎನಾಮೆಲ್ ಅದರಲ್ಲಿ ಕರಗುವುದಿಲ್ಲ. ಲ್ಯಾಕರ್ ಥಿನ್ನರ್‌ನಲ್ಲಿ ಉಬ್ಬಿ ಸಿಪ್ಪೆಯಂತೆ ಬಿಡುತ್ತದೆ, ಆ ಸಿಪ್ಪೆಯನ್ನು ತಳ್ಳಿ ತೆಗೆಯಬೇಕು. ಎನಾಮೆಲ್ ಕಟ್ಟಿದ ನಾಜಲ್‌ಗೆ ಹೆಣಗುವ ಬದಲು ಖಾಲಿ ಡಬ್ಬಿಗಳಿಂದ ತೆಗೆದಿಟ್ಟ ನಾಜಲ್ ಹಾಕುವುದೇ ಮೇಲು.

ನೆನೆದ ಮೇಲೆ ಸಿರಿಂಜಿಗೆ ಮೆದು ರಬ್ಬರ್ ಕೊಳವೆ ಸಿಕ್ಕಿಸಿ, ನಾಜಲ್‌ನ ಮುಂದಿನ ತೂತಿನಿಂದ ಹಿಂದಕ್ಕೆ ಥಿನ್ನರ್ ತಳ್ಳಿ. ದಿಕ್ಕು ಮುಖ್ಯ. ಕಸ ಒಳಬದಿಯ ಅಗಲ ದಾರಿಯಿಂದ ಬಂದು ಸಣ್ಣ ತೂತಿನಲ್ಲಿ ಸಿಕ್ಕಿದೆ. ಮುಂದಕ್ಕೆ ತಳ್ಳಿದರೆ ಇನ್ನೂ ಬಿಗಿಯಾಗುತ್ತದೆ, ಹಿಂದಕ್ಕೆ ತಳ್ಳಿದರೆ ಬಂದ ದಾರಿಯಲ್ಲೇ ಹೋಗುತ್ತದೆ. ಕೊನೆಗೆ ಅಂಚು ದುಂಡಗೆ ಕಾಣಬೇಕು, ತೂತಿನಿಂದ ಬೆಳಕು ತೂರಬೇಕು.

ಕಾಂಡ ಮತ್ತು ವಾಲ್ವ್

ಹೊಸ ನಾಜಲ್ ಹಾಕಿದರೂ ಬಣ್ಣ ಬಾರದಿದ್ದರೆ, ನಾಜಲ್ ತೆಗೆದು ಕಾಂಡದ ಬಾಯಿಗೆ ಡ್ರಾಪರ್‌ನಿಂದ 2–3 ಹನಿ ಥಿನ್ನರ್ ಬಿಡಿ. 10–15 ನಿಮಿಷ ಕಾದು ಮತ್ತೆ 2 ಹನಿ ಹಾಕಿ. ಆಮೇಲೆ ನಾಜಲ್ ಕೂರಿಸಿ, ಹಳೆ ಬಟ್ಟೆಯ ಕಡೆ ಗುರಿಯಿಟ್ಟು ಅರ್ಧ ಸೆಕೆಂಡ್ ಒತ್ತಿ ಬಿಡಿ. ಮೂರು-ನಾಲ್ಕು ಬಾರಿ ಹೀಗೆ ಮಾಡುವಷ್ಟರಲ್ಲಿ ಬಿಟ್ಟುಕೊಳ್ಳುತ್ತದೆ. ಬೆರಳಿನಿಂದ ಬರಿ ಕಾಂಡವನ್ನು ಒತ್ತಬೇಡಿ, ಬಣ್ಣ ನೇರ ಮುಖಕ್ಕೆ ಹಾರುತ್ತದೆ.

ಕಾಂಡದೊಳಗೆ ಸೂಜಿ ಹಾಕಲೇಬಾರದು. ಬಣ್ಣ ಕಾಂಡಕ್ಕೆ ಬರುವುದು ಪಕ್ಕದಲ್ಲಿರುವ ಒಂದು ಸಣ್ಣ ತೂತಿನಿಂದ. ಒತ್ತದಿರುವಾಗ ಅದನ್ನು ರಬ್ಬರ್ ಉಂಗುರ ಮುಚ್ಚಿರುತ್ತದೆ, ಒತ್ತಿದಾಗ ಉಂಗುರದ ಕೆಳಗೆ ಜಾರಿ ತೆರೆದುಕೊಳ್ಳುತ್ತದೆ. ಮೇಲಿನಿಂದ ಹಾಕಿದ ಸೂಜಿ ಆ ತೂತನ್ನು ಮುಟ್ಟುವುದೇ ಇಲ್ಲ. ಉಂಗುರಕ್ಕೆ ಗೀರು ಬಿದ್ದರೆ ಮಾತ್ರ ವಾಲ್ವ್ ಮುಚ್ಚದೆ, ಇಡೀ ಡಬ್ಬಿ ನಿಲ್ಲದೆ ಸುರಿದುಹೋಗುತ್ತದೆ.

ಒಮ್ಮೊಮ್ಮೆ ಒಣಬಣ್ಣದಿಂದಾಗಿ ನಾಜಲ್ ಕೆಳಗೆ ಸಿಕ್ಕಿಕೊಂಡು ಸಿಂಪರಣೆ ನಿಲ್ಲುವುದಿಲ್ಲ. ನಾಜಲನ್ನು ಎಳೆದು ತೆಗೆದರೆ ಸ್ಪ್ರಿಂಗ್ ಕಾಂಡವನ್ನು ಮೇಲೆತ್ತಿ ನಿಲ್ಲಿಸುತ್ತದೆ. ಆಗಲೂ ನಿಲ್ಲದಿದ್ದರೆ ಡಬ್ಬಿಯನ್ನು ಬಯಲಲ್ಲಿಟ್ಟು ದೂರ ಸರಿಯಿರಿ.

ತಳದ ಗಷ್ಟು

ವರ್ಷಗಟ್ಟಲೆ ನಿಂತ ಡಬ್ಬಿಯಲ್ಲಿ ಬಣ್ಣದ ಪುಡಿ ತಳಕ್ಕಿಳಿದು ಗಟ್ಟಿಯಾಗುತ್ತದೆ. ಗುಂಡು ಅದರಲ್ಲಿ ಹುದುಗಿ ಸದ್ದೇ ಮಾಡುವುದಿಲ್ಲ, ಕೊಳವೆಯ ಬಾಯಿಯೂ ಮುಚ್ಚಿಕೊಳ್ಳುತ್ತದೆ. ಈ ಸ್ಥಿತಿಯಲ್ಲಿ ಒತ್ತಿದರೆ ಗಷ್ಟು ವಾಲ್ವ್‌ಗೂ ಏರಿ ಎರಡನೆಯ ಕಟ್ಟು ಹುಟ್ಟಿಕೊಳ್ಳುತ್ತದೆ. ಡಬ್ಬಿಯನ್ನು ಒಂದು ದಿನ ತಲೆಕೆಳಗಾಗಿ ನಿಲ್ಲಿಸಿ, ಒತ್ತದೆ. ಮಾರನೆಯ ದಿನ 35–40 ಡಿಗ್ರಿ ಸೆಲ್ಸಿಯಸ್‌ನ ನೀರಿನಲ್ಲಿ 10 ನಿಮಿಷ ಇಟ್ಟು ಕುಲುಕಿ. ಕೈ ಆರಾಮವಾಗಿ ಅದ್ದಿಟ್ಟುಕೊಳ್ಳುವಷ್ಟು ಬಿಸಿ ಸಾಕು. ಬೆಚ್ಚಗಾದಾಗ ಬಣ್ಣ ತೆಳುವಾಗುತ್ತದೆ, ಒತ್ತಡವೂ ಏರುತ್ತದೆ. 50 ಡಿಗ್ರಿ ದಾಟಬಾರದೆಂಬ ಎಚ್ಚರಿಕೆ ಡಬ್ಬಿಗಳ ಮೇಲೆ ಅಚ್ಚಾಗಿರುವುದು ಸುಮ್ಮನಲ್ಲ. ಕುದಿವ ನೀರು, ಹೇರ್ ಡ್ರೈಯರ್, ಒಲೆ ಯಾವುದೂ ಬೇಡ, ಡಬ್ಬಿ ಸಿಡಿಯುತ್ತದೆ. ಗುಂಡು ಬಿಡಿಸಿಕೊಂಡು ಸದ್ದು ಮಾಡಿದ ಮೇಲೂ 2 ನಿಮಿಷ ಕುಲುಕಬೇಕು. ಆ ಸದ್ದು ಗಷ್ಟು ಕದಡಲು ಶುರುವಾಗಿದ್ದರ ಗುರುತಷ್ಟೇ.

ಕೆಲವು ವಾಲ್ವ್‌ಗಳ ಮೈಯಲ್ಲಿ, ಡಬ್ಬಿಯ ಮೇಲ್ಭಾಗದ ಅನಿಲಕ್ಕೆ ತೆರೆದ ಸಣ್ಣ ತೂತೊಂದಿರುತ್ತದೆ. ನೆಟ್ಟಗೆ ಹಿಡಿದಾಗ ಬರೀ ಅನಿಲ ಬಂದು ಬಣ್ಣ ಬಾರದಿದ್ದರೆ ಕೊಳವೆ ಕಟ್ಟಿದ್ದು ಈ ತೂತು ತೆರೆದಿರಬಹುದು. ಅಂಥ ಡಬ್ಬಿಯನ್ನು ತಲೆಕೆಳಗು ಮಾಡಿದರೆ ಆ ತೂತು ಬಣ್ಣದಲ್ಲಿ ಮುಳುಗಿ, ಅದರ ಮೂಲಕವೇ ಬಣ್ಣ ಬರುತ್ತದೆ. ಸಿಂಪಡಿಸಲು ಅನುಕೂಲವಲ್ಲ, ಭರಣಿಗೆ ಇಳಿಸಿಕೊಳ್ಳಲು ಸಾಕು.

ಭರಣಿಗೆ ಇಳಿಸುವುದು

ದಾರಿ ಬಿಟ್ಟುಕೊಂಡರೂ ಸಿಂಪರಣೆ ಹದವಾಗಿ ಬಾರದಿದ್ದಾಗ, ಅಥವಾ ಮತ್ತೆ ಮತ್ತೆ ಕಟ್ಟುತ್ತಿದ್ದಾಗ, ಇರುವ ಬಣ್ಣವನ್ನೆಲ್ಲ ಒಮ್ಮೆಲೇ ಹೊರತೆಗೆದುಬಿಡುವುದು ಜಾಣತನ. 400 ಮಿ.ಲೀ. ಎಂದು ಬರೆದ ತುಂಬಿದ ಡಬ್ಬಿಯಿಂದ 400 ಮಿ.ಲೀ. ಬಣ್ಣ ಸಿಗುವುದಿಲ್ಲ. ಅದರಲ್ಲಿ ದೊಡ್ಡ ಪಾಲು ದ್ರವರೂಪದ ಅನಿಲ. ಅದು ಆವಿಯಾಗಿ ಹೋದ ಮೇಲೆ ಉಳಿಯುವ ಬಣ್ಣ ಸುಮಾರು ಅರ್ಧ, ಒಮ್ಮೊಮ್ಮೆ ಅದಕ್ಕೂ ಕಡಿಮೆ.

ಅರ್ಧ ಲೀಟರಿನ ಗಾಜಿನ ಭರಣಿ, ಪಾಲಿಥೀನ್ ಹಾಳೆ, ರಬ್ಬರ್ ಬ್ಯಾಂಡ್, 10–15 ಸೆಂ.ಮೀ. ಸ್ಟ್ರಾ ಮತ್ತು ಟೇಪ್ ಬೇಕು. ಪಾಲಿಸ್ಟೈರೀನ್‌ನ ತೆಳು ಲೋಟ ಬಳಸಬೇಡಿ, ಅಸಿಟೋನ್ ತಗುಲಿದರೆ ಕರಗಿಹೋಗುತ್ತದೆ. ಡಬ್ಬಿಯಲ್ಲಿ ಒತ್ತಡ ಚೆನ್ನಾಗಿದ್ದರೆ ಮೊದಲು ಕುಲುಕಿ, 20 ನಿಮಿಷ ತಣ್ಣೀರಿನಲ್ಲಿಟ್ಟು ಮತ್ತೊಮ್ಮೆ ಕುಲುಕಿ. ತಣ್ಣಗಾದ ಡಬ್ಬಿ ಅಬ್ಬರಿಸದೆ ಹರಿಯುತ್ತದೆ. ಒತ್ತಡ ಮೊದಲೇ ಕಡಿಮೆಯಿದ್ದರೆ ತಣಿಸಬೇಡಿ.

ಸ್ಟ್ರಾದ ಒಂದು ತುದಿಯನ್ನು ನಾಜಲ್‌ನ ಮುಂದೆ ಟೇಪಿನಿಂದ ಬಿಗಿಯಾಗಿ ಸುತ್ತಿ. ಭರಣಿಯ ಬಾಯಿಗೆ ಹಾಳೆ ಕಟ್ಟಿ, ಸ್ಟ್ರಾ ತೂರುವಷ್ಟು ಒಂದು ತೂತು, ಅನಿಲ ಹೋಗಲು ನಾಲ್ಕೈದು ಸಣ್ಣ ತೂತು ಮಾಡಿ. ಸ್ಟ್ರಾದ ತುದಿ ಭರಣಿಯ ಒಳಗೋಡೆಗೆ ತಾಗಿರಲಿ, ಬಣ್ಣ ಗೋಡೆಗುಂಟ ಇಳಿಯಲಿ. 2–3 ಸೆಕೆಂಡ್ ಒತ್ತಿ, ಬಿಡಿ, ಮತ್ತೆ ಒತ್ತಿ. ಭರಣಿ ಅರ್ಧಕ್ಕಿಂತ ಹೆಚ್ಚು ತುಂಬಬಾರದು.

ಈಗ ಭರಣಿ ಐಸಿನಂತೆ ತಣ್ಣಗಿರುತ್ತದೆ, ಹೊರಮೈ ಬೆವರುತ್ತದೆ, ಒಳಗೆ ಬಣ್ಣ ಸಣ್ಣಗೆ ಕುದಿಯುತ್ತಿರುತ್ತದೆ. ಡೈಮೀಥೈಲ್ ಈಥರ್ ಕುದಿಯುವುದೇ ಸುಮಾರು ಮೈನಸ್ 25 ಡಿಗ್ರಿಯಲ್ಲಿ, ಅದು ಬಣ್ಣದೊಳಗೆ ಕರಗಿ ಕೂತಿದ್ದು ಮೆಲ್ಲಗೆ ಹೊರಬರುತ್ತಿದೆ. ಹಾಳೆಯನ್ನು ತೆಗೆಯಬೇಡಿ, ತೆಗೆದರೆ ಗಾಳಿಯ ತೇವ ತಣ್ಣನೆಯ ಬಣ್ಣದ ಮೇಲಿಳಿದು ಆಮೇಲೆ ಲ್ಯಾಕರ್ ಬಿಳಿಚಿಕೊಳ್ಳುತ್ತದೆ. ಬಯಲಲ್ಲಿ, ನೆರಳಲ್ಲಿ 2–3 ಗಂಟೆ ಬಿಟ್ಟು ಮರದ ಕಡ್ಡಿಯಿಂದ ಬಹಳ ಮೆತ್ತಗೆ ಕದಡಿ. ರಭಸವಾಗಿ ಕದಡಿದರೆ ಹಾಲು ಉಕ್ಕಿದ ಹಾಗೆ ನೊರೆಯೆದ್ದು ಹೊರಚೆಲ್ಲುತ್ತದೆ. ರಾತ್ರಿಯಿಡೀ ಅದೇ ತೂತಿನ ಹಾಳೆಯಲ್ಲಿ ಇಡಿ. ಕದಡಿದಾಗ ಒಂದೂ ಗುಳ್ಳೆ ಏಳದಿದ್ದರೆ ಮಾತ್ರ ಮುಚ್ಚಳ ಬಿಗಿಸಬಹುದು. ಅವಸರಪಟ್ಟು ಬಿಗಿಸಿದ ಭರಣಿ ಒತ್ತಡಕ್ಕೆ ಒಡೆಯುತ್ತದೆ.

ಎರಡು ಪದರ ನೈಲಾನ್ ಕಾಲುಚೀಲದಲ್ಲಿ ಸೋಸಿದರೆ ಬಣ್ಣ ಸಿದ್ಧ. ಸ್ಪ್ರೇಗೆಂದೇ ತೆಳುವಾಗಿರುವ ಬಣ್ಣವಾದ್ದರಿಂದ ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ಸಾಮಾನ್ಯವಾಗಿ ಹಾಗೇ ನಡೆಯುತ್ತದೆ: 0.3–0.5 ಮಿ.ಮೀ. ಸೂಜಿ, 15–20 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್) ಒತ್ತಡ. ಮೆಟಾಲಿಕ್ ಬಣ್ಣಕ್ಕೆ 0.5ರದೇ ಬೇಕು. ಬ್ರಷ್‌ನಿಂದ ಹಚ್ಚಿದರೆ ಲ್ಯಾಕರ್ ಬಹುಬೇಗ ಎಳೆದುಕೊಂಡು ಗೆರೆ ಬೀಳುತ್ತದೆ. ನಿಧಾನ ಒಣಗುವ ಥಿನ್ನರನ್ನು 5–10 ಶೇಕಡಾ ಸೇರಿಸಿ, ಗೀರು ತುಂಬುವಂಥ ಸಣ್ಣ ಕೆಲಸಗಳಿಗೆ ಇಟ್ಟುಕೊಳ್ಳಿ. ಮೊದಲು ಬೇಡದ ತಗಡಿನ ಮೇಲೆ ಹಚ್ಚಿ ಒಂದು ದಿನ ನೋಡಿ. ಅಂಟಂಟಾಗಿಯೇ ಉಳಿದರೆ ಆ ಬಣ್ಣ ಕೆಟ್ಟಿದೆ.

ಕೈಬಿಡಬೇಕಾದವು

ಬಣ್ಣವನ್ನು ಗಟ್ಟಿಮಾಡುವ ಹಾರ್ಡನರನ್ನು ಒಳಗೇ ಒಡೆದು ಬೆರೆಸುವ ಎರಡು ಭಾಗದ ಡಬ್ಬಿಗಳು ಒಮ್ಮೆ ಬೆರೆತ ಮೇಲೆ ಒಳಗೇ ಗಟ್ಟಿಯಾಗುತ್ತವೆ, ಅವನ್ನು ಬಿಡಿಸುವ ದಾರಿಯಿಲ್ಲ. ತುಕ್ಕು ತಿಂದ, ಉಬ್ಬಿದ, ಅಂಚಿನಲ್ಲಿ ಸೋರುವ ಡಬ್ಬಿಯನ್ನು ಬೆಚ್ಚಗೆ ಮಾಡುವುದೂ ಬೇಡ, ಕುಲುಕುವುದೂ ಬೇಡ. ವಾಲ್ವ್ ತೆರೆಯದ ಡಬ್ಬಿಗೆ ಮೊಳೆ ಹೊಡೆಯುವುದು, ಡ್ರಿಲ್ ಹಾಕುವುದು ಬೆಂಕಿಗೆ ಆಹ್ವಾನ: ಒಳಗಿನ ಒತ್ತಡ ಎಷ್ಟೆಂದು ಹೊರಗಿನಿಂದ ತಿಳಿಯುವುದಿಲ್ಲ, ಲೋಹಕ್ಕೆ ಲೋಹ ತಾಗಿದ ಕಿಡಿ ಸಾಕು. ಅಂಥವನ್ನು ಅಪಾಯಕಾರಿ ತ್ಯಾಜ್ಯದ ಜೊತೆ ಕೊಟ್ಟುಬಿಡಿ.

ಕೆಲಸ ಮುಗಿದ ಮೇಲೆ ಡಬ್ಬಿಯನ್ನು ತಲೆಕೆಳಗು ಮಾಡಿ ಬರೀ ಅನಿಲ ಬರುವವರೆಗೆ ಒತ್ತುವ ರೂಢಿಯಿದೆ. ಅದು ವಾಲ್ವನ್ನು ಚೊಕ್ಕ ಮಾಡುತ್ತದೆ ನಿಜ, ಆದರೆ ಪ್ರತಿ ಸಲವೂ ಅನಿಲ ಕಳೆಯುತ್ತದೆ. ದೀರ್ಘಕಾಲ ಎತ್ತಿಡುವಾಗ ಮಾತ್ರ 2–3 ಸೆಕೆಂಡ್ ಹಾಗೆ ಮಾಡಿ. ನಾಳೆಯೇ ಮತ್ತೆ ಬಳಸುವುದಿದ್ದರೆ ನಾಜಲ್ ಕಿತ್ತು ಥಿನ್ನರ್ ಶೀಶೆಗೆ ಹಾಕಿ, ಕಾಂಡದ ಬಾಯಿ ಒರೆಸಿ ಒಂದು ಹನಿ ಥಿನ್ನರ್ ಬಿಟ್ಟರೆ ಸಾಕು. ಇಳಿಸಿಕೊಂಡ ಭರಣಿಯ ಮೇಲೆ ಬಣ್ಣದ ಹೆಸರಿಗಿಂತ ಮೊದಲು ಅದರ ಜಾತಿಯನ್ನು ಬರೆಯಿರಿ, ಲ್ಯಾಕರೋ ಎನಾಮೆಲೋ ಎಂದು, ಜೊತೆಗೆ ಇಳಿಸಿದ ತಾರೀಖು. ಆರು ತಿಂಗಳ ನಂತರ ಯಾವ ಥಿನ್ನರ್ ಸುರಿಯಬೇಕೆಂದು ಹೇಳುವುದು ಆ ಚೀಟಿಯೇ.