ಬಟವಾಡೆ ವರದಿಯ ವೇಗ: ಕೈಯಲ್ಲಿ ಅಳೆದದ್ದು, ಸಿಐಗೆ ಒಪ್ಪಿಸಿದ್ದು

ಕಾಫಿ ತೋಟಗಳ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಕೊಯ್ಲಿನ ತೂಕ ಮತ್ತು ಮಳೆಯ ಲೆಕ್ಕವನ್ನು ಇಡುವ ತಂತ್ರಾಂಶವೊಂದನ್ನು ಗೆಳೆಯನೊಂದಿಗೆ ಮಡಿಕೇರಿಯ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಮೊದಲ ಎರಡು ವರ್ಷ ಅದರ ವೇಗವನ್ನು ಅಳೆಯುತ್ತಿದ್ದ ಕ್ರಮ ಇಷ್ಟೇ: ಆಳುಗಳಿಗೆ ಕೂಲಿ ಹಂಚಲು ಬೇಕಾದ ಬಟವಾಡೆ ವರದಿಯನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಮೂರು ಸಲ ಓಡಿಸಿ, ಹಿಡಿದ ಸೆಕೆಂಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ತೋಟದವರು ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುವುದನ್ನು ನೋಡುತ್ತಲೇ ಬೆಳೆದ ನನಗೆ ಇದರಲ್ಲಿ ಕೊರತೆಯೇನೂ ಕಾಣಲಿಲ್ಲ. ಅವರು ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಅಳೆಯುತ್ತಾರೆ. ನಾನು ನೆನಪಾದಾಗ ಅಳೆಯುತ್ತಿದ್ದೆ.

ಒಂದು ಜುಲೈನಲ್ಲಿ 4 ಸೆಕೆಂಡಿನ ವರದಿ 9 ಸೆಕೆಂಡು ಹಿಡಿಯಿತು. ಎರಡು ದಿನ ಕೋಡ್ ಕೆದಕಿದ ಮೇಲೆ ಗೊತ್ತಾದದ್ದು, ಮರ ಬಿದ್ದು ಕರೆಂಟ್ ಹೋಗಿದ್ದಾಗ ನಾನು ಅಳೆದಿದ್ದೆ ಮತ್ತು ಬ್ಯಾಟರಿ ಉಳಿಸಲು ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಂಡಿತ್ತು. ಇದರಿಂದ ನಾನು ಕಲಿತದ್ದೂ ತಪ್ಪು ಪಾಠವನ್ನೇ. ಜನವರಿಯ ರೋಬಸ್ಟಾ ಕೊಯ್ಲಿನಲ್ಲಿ ವರದಿ ನಿಜವಾಗಿಯೂ ನಿಧಾನವಾದಾಗ ಅದನ್ನೂ ಬ್ಯಾಟರಿಯ ತಲೆಗೆ ಕಟ್ಟಿ ಸುಮ್ಮನಾದೆ. ಕೊನೆಗೆ ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿ, "ಸರ್, ಜನ ಬಟವಾಡೆಗೆ ಸಾಲುಗಟ್ಟಿ ನಿಂತಿದ್ದಾರೆ, ನಿಮ್ಮ ಚಕ್ರ ಇನ್ನೂ ತಿರುಗುತ್ತಲೇ ಇದೆ" ಎಂದರು. ಗೆಳೆಯ ಮೂರು ವಾರ ಪ್ರತ್ಯೇಕ ಬ್ರಾಂಚಿನಲ್ಲಿ (ಕೋಡಿನ ಬೇರೆ ಪ್ರತಿಯಲ್ಲಿ) ಇಟ್ಟುಕೊಂಡು ಒಮ್ಮೆಲೇ ಸೇರಿಸಿದ ಬದಲಾವಣೆಯಲ್ಲಿ, 180 ಆಳುಗಳ ಹೆಸರಿಗೆ 180 ಸಲ ಡೇಟಾಬೇಸನ್ನು ಕೇಳುವ ಲೂಪೊಂದು ಅಡಗಿತ್ತು.

ಆಮೇಲೆ ವೇಗದ ಪರೀಕ್ಷೆಯನ್ನು ಸಿಐಗೆ (ಕಂಟಿನ್ಯುವಸ್ ಇಂಟಿಗ್ರೇಶನ್, ಎಂದರೆ ಕೋಡ್ ಬದಲಾದಾಗಲೆಲ್ಲ ಅದನ್ನು ತಾನೇ ಪರೀಕ್ಷಿಸುವ ವ್ಯವಸ್ಥೆ) ಒಪ್ಪಿಸಿ, ವರದಿ 5 ಸೆಕೆಂಡು ಮೀರಿದರೆ ಕೆಂಪು ತೋರಿಸುವಂತೆ ಮಾಡಿದೆವು. ಆದರೆ ಹಲವರು ಹಂಚಿಕೊಳ್ಳುವ ಬಾಡಿಗೆಯ ಯಂತ್ರದಲ್ಲಿ ಅದೇ ಕೋಡ್ ಒಮ್ಮೆ 4, ಇನ್ನೊಮ್ಮೆ 7 ಸೆಕೆಂಡು ಹಿಡಿಯುತ್ತಿತ್ತು. ವಾರದೊಳಗೆ ಕೆಂಪು ಕಂಡರೆ ಓದದೆಯೇ ಮತ್ತೆ ಓಡಿಸುವ ಚಾಳಿ ಇಬ್ಬರಿಗೂ ಹತ್ತಿತು. ಇಂಥ ಪರೀಕ್ಷೆ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

ಆದ್ದರಿಂದ ಸಿಐಯಲ್ಲಿ ಸೆಕೆಂಡುಗಳನ್ನು ಬಿಟ್ಟು ಎಣಿಕೆಗೆ ಬಂದೆವು. 200 ಆಳುಗಳ ಮಾದರಿ ದತ್ತಾಂಶಕ್ಕೆ ವರದಿಯು 12ಕ್ಕಿಂತ ಹೆಚ್ಚು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಮಾಡಿದರೆ ಪರೀಕ್ಷೆ ವಿಫಲವಾಗುತ್ತದೆ. ಯಂತ್ರ ಎಷ್ಟೇ ಬಿಡುವಿಲ್ಲದೆ ದುಡಿಯುತ್ತಿದ್ದರೂ ಈ ಸಂಖ್ಯೆ ಬದಲಾಗುವುದಿಲ್ಲ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಬರೆಯುವವರೂ ಸಣ್ಣ ಸುಧಾರಣೆಗಳನ್ನು ಗಡಿಯಾರದಿಂದ ಅಳೆಯದೆ, ಕ್ಯಾಶ್‌ಗ್ರೈಂಡ್ ಎಂಬ ಸಾಧನ ಬಳಸಿ ಪ್ರೊಸೆಸರ್ ನಡೆಸಿದ ಆದೇಶಗಳನ್ನು ಎಣಿಸುತ್ತಾರೆ. ಜೊತೆಗೆ ದಿನದ ಕೆಲಸವನ್ನು ದಿನವೇ ಮುಖ್ಯ ಬ್ರಾಂಚಿಗೆ ಸೇರಿಸತೊಡಗಿದೆವು. ಸಿಐ, ಎಂದರೆ ಸತತ ಜೋಡಣೆ, ಎಂಬ ಹೆಸರಿನ ಮೂಲಾರ್ಥವೂ ಅದೇ ಅಲ್ಲವೇ?

ಕೈಯಳತೆಯನ್ನು ನಾನು ಬಿಟ್ಟಿಲ್ಲ. ಚಾರ್ಜರ್ ಹಾಕಿ, 11 ಸಲ ಓಡಿಸಿ, ಏರಿಕೆ ಕ್ರಮದಲ್ಲಿ ಜೋಡಿಸಿದಾಗ ಮಧ್ಯದಲ್ಲಿ ಬರುವ ಅಂಕಿಯನ್ನು ಮಾತ್ರ ಬರೆಯುತ್ತೇನೆ. ಕಳೆದ ಕೊಯ್ಲಿನಲ್ಲಿ ರೈಟರ ಪಕ್ಕದಲ್ಲೇ ಗಡಿಯಾರ ಹಿಡಿದು ಕುಳಿತಾಗ ವರದಿ 3 ಸೆಕೆಂಡಿಗೆ ತೆರೆಯಿತು, ಮೊದಲ ಹಾಳೆ ಪ್ರಿಂಟರಿನಿಂದ ಹೊರಬರಲು 40 ಸೆಕೆಂಡು ಬೇಕಾಯಿತು. ಪ್ರತಿ ಪುಟವನ್ನೂ ನಾವು ಚಿತ್ರವಾಗಿ ಕಳುಹಿಸುತ್ತಿದ್ದೆವು, ಸಿಐಯಲ್ಲಿ ಅಷ್ಟೂ ದಿನ ಎಲ್ಲವೂ ಹಸಿರಾಗಿಯೇ ಇತ್ತು.